ಸಂಬಳ ಕೇಳಲು ಹೋದ ಪುರೋಹಿತರ ಮಗ

ನಮ್ಮ ಮನೆಯಲ್ಲಿ ದುಡ್ಡಿನ ಮಾತು ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ, ಆದ್ದರಿಂದ ಮೊದಲೇ ವಿವರ ಹೇಳಿಬಿಡುತ್ತೇನೆ. ನಮ್ಮ ಮನೆ ಇರುವುದು ಕಾಶಿಯಲ್ಲಿ, ಕೇದಾರ ಘಾಟಿನ ಹತ್ತಿರ. ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರು. ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಆಗ, ಎಂದರೆ ಎರಡು ಸಾವಿರದ ಆರರ ಸುಮಾರಿಗೆ, ಊರಿನ ಒಂದು ಸಣ್ಣ ಕಂಪನಿಯಲ್ಲಿ ಗುತ್ತಿಗೆಯ ಮೇಲಿದ್ದೆ. ಗುತ್ತಿಗೆ ಎಂದರೆ ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು, ರಜೆ ಬಂದರೆ ಸೊನ್ನೆ.

ಹಬ್ಬದ ತಾಪತ್ರಯ

ಕಾಶಿಯಲ್ಲಿ ಹಬ್ಬಕ್ಕೇನೂ ಬರವಿಲ್ಲ. ಎಲ್ಲೋ ಒಂದು ಮೆರವಣಿಗೆ ಹೊರಟರೂ ನಮ್ಮ ಕಂಪನಿಯ ಶಟರ್ ಕೆಳಗಿಳಿಯುತ್ತಿತ್ತು. ಜೊತೆಯವರು ಕುಣಿಯುತ್ತಿದ್ದರು, ಏಕೆಂದರೆ ಅವರೆಲ್ಲ ಕಾಯಂ. ನಾನೊಬ್ಬನೇ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಒಂದು ಸಂಜೆ ಕೇದಾರೇಶ್ವರನ ಮುಂದೆ ಕಣ್ಣು ಮುಚ್ಚಿ ನಿಂತಿದ್ದೆ. ಅಪ್ಪ ಕೇಳಿದರು, "ಏನೋ ಅಷ್ಟು ಹೊತ್ತು ಬೇಡಿಕೊಂಡೆ?"

"ಈ ತಿಂಗಳು ಇನ್ನು ಹಬ್ಬ ಬೇಡಪ್ಪಾ ಅಂತ."

"ಅಯ್ಯೋ ಮುಠ್ಠಾಳ! ಹಬ್ಬಕ್ಕೆ ತಾನೇ ನನಗೆ ಯಾತ್ರಿಕರು ಬರೋದು? ನಾನೀಗಷ್ಟೇ ಇನ್ನೊಂದೆರಡು ಬರಲಿ ಅಂತ ಕೇಳಿಕೊಂಡೆ!"

ಅಪ್ಪನದೊಂದು ಅರ್ಜಿ, ಮಗನದೊಂದು ತಕರಾರು. ಕೇದಾರೇಶ್ವರ ಹಿರಿಯರ ಕಡೆಗೇ ತೀರ್ಪು ಕೊಟ್ಟ. ಆ ವಾರ ಮೂರು ದಿನ ಶಟರ್ ಇಳಿಯಿತು.

ಚಿಲಕದ ಕೋಣೆ

ಹೊಸದಾಗಿ ಮದುವೆಯಾಗಿತ್ತು. ಯಾತ್ರಿಕರು ಉಳಿಯುವುದು ನಮ್ಮ ಮನೆಯಲ್ಲೇ. ಎಂದರೆ ನಡುಮನೆ, ಮಹಡಿ, ನಮ್ಮ ಕೋಣೆ, ಎಲ್ಲೆಲ್ಲೂ ಜನ. ನನ್ನ ಹೆಂಡತಿಯದು ಒಂದೇ ಆಸೆ: "ಅರಮನೆ ಬೇಡ ರೀ, ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋಕಾಗೋ ಒಂದು ಕೋಣೆ ಸಾಕು."

ಊರಿನ ಇನ್ನೊಂದು ಬಡಾವಣೆ ಅಸ್ಸಿಯಲ್ಲಿ ಅಂಥ ಕೋಣೆ ಇತ್ತು. ಆದರೆ ಬಾಡಿಗೆ ಕಟ್ಟಿ ಸಂಸಾರ ನಡೆಸಲು ತಿಂಗಳಿಗೆ ಇಪ್ಪತ್ತು ಸಾವಿರವಾದರೂ ಬೇಕು. ಗುತ್ತಿಗೆಯಲ್ಲಿ ರಜೆ ಇಲ್ಲದ ತಿಂಗಳು ಹದಿನೆಂಟು ಸಿಗುತ್ತಿತ್ತು. ಅಂಥ ತಿಂಗಳು ಬಂದದ್ದಿಲ್ಲ, ಅದು ಬೇರೆ ಮಾತು. ಅಷ್ಟರಲ್ಲಿ ಕಂಪನಿಯ ಮಾಲೀಕರು, "ಕಾಯಂ ಆಗಿಬಿಡಿ, ಹದಿನಾಲ್ಕು ಕೊಡ್ತೀನಿ" ಎಂದರು.

"ಇಪ್ಪತ್ತು ಕೇಳಿ. ಈಗಲೇ ಅಭ್ಯಾಸ ಮಾಡಿ, ನಾನೇ ಮಾಲೀಕ" ಎಂದು ಹೆಂಡತಿ ಮಧ್ಯಾಹ್ನ ಊಟವಾದ ಮೇಲೆ ಟ್ರಂಕಿನ ಮೇಲೆ ಕೂತಳು.

"ಎಷ್ಟು ಬೇಕು?"

"ಇಪ್ಪತ್ತು ಸಾವಿರ, ಸಾರ್."

"ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ?"

"ಅದು ನಿನಗೇ ಗೊತ್ತಲ್ಲೇ!"

"ಗೊತ್ತಿರೋದಕ್ಕೇ ಕೇಳಿದ್ದು. ಹೇಳಿದ ಕೆಲಸ ಒಂದಾದರೂ ನೆನಪಿರತ್ತಾ? ಹನ್ನೊಂದು ಸಾವಿರ ಕೊಡ್ತೀನಿ, ಮಾಡ್ತೀರಾ?"

ಎಷ್ಟಾದರೂ ಹೆಂಡತಿ. ನಾನು "ಆಗಲಿ" ಎಂದುಬಿಟ್ಟೆ.

ಮೂಲೆಯಲ್ಲಿ ಮುಸುಕು ಹೊದ್ದು ಮಲಗಿದ್ದ ಹಾವೇರಿಯ ಯಾತ್ರಿಕ ಅಜ್ಜಿ ಧಡಕ್ಕನೆ ಎದ್ದು ಕೂತರು. "ಒಪ್ಪಬ್ಯಾಡೋ ತಮ್ಮಾ! ಹನ್ನೆರಡರ ಕೇಳು!"

ಪಿಎಫ್ ಎಂಬ ಪುಣ್ಯ

ಕಾಯಂ ಆದರೆ ಪಿಎಫ್ ಇರುತ್ತದೆ. ಸಂಬಳದಲ್ಲಿ ಪ್ರತಿ ತಿಂಗಳೂ ಒಂದಿಷ್ಟು ಹಿಡಿದಿಟ್ಟು ಮುಂದೆ ಕೊಡುವ ಏರ್ಪಾಡು. ಇದನ್ನು ಅಪ್ಪನಿಗೆ ವಿವರಿಸಿದೆ.

"ಅಂದರೆ ಈಗ ಕೊಡೋದು ನೀನು?"

"ಹೌದು."

"ಸಿಗೋದು ಯಾವಾಗಲೋ ಮುಂದೆ?"

"ಹೌದಪ್ಪಾ."

"ಅಲ್ಲಿಯವರೆಗೂ ಇದೆ ಅಂತ ನಂಬಿಕೊಂಡಿರಬೇಕು?"

"ಹೂಂ."

ಅಪ್ಪ ಶಲ್ಯ ಹೆಗಲಿಗೇರಿಸಿ ಸಂತೋಷದಿಂದ ಎದ್ದರು. "ಧೈರ್ಯವಾಗಿ ಸೇರಿಕೊಳ್ಳೋ. ಅವರದೂ ನಮ್ಮ ಕಸುಬೇ!"

ಶ್ರದ್ಧೆ ಇದ್ದಷ್ಟು

ಕೊನೆಗೆ ಆ ದಿನ ಬಂತು. ಮಾಲೀಕರು ಅಪ್ಪಟ ಬನಾರಸಿ. ಪಾನ್ ಒಂದು ದವಡೆಗೆ ಸರಿಸಿ, "ಹೇಳಿ ಪಂಡಿತ್‌ಜೀ, ಹದಿನಾಲ್ಕು ಬೇಡ ಅಂದರೆ ಎಷ್ಟು ಕೊಡಲಿ?" ಎಂದರು. ಕೋಡ್ ಬರೆದರೂ ನಾನು ಅವರಿಗೆ ಪಂಡಿತ್‌ಜೀಯೇ.

ಇಪ್ಪತ್ತು ಎನ್ನಬೇಕಿತ್ತು. ಗಾಬರಿಗೆ, ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ ಮಾತೇ ಹಿಂದಿಯಲ್ಲಿ ಬಾಯಿಗೆ ಬಂತು: "ತಮ್ಮ ಶ್ರದ್ಧೆ ಇದ್ದಷ್ಟು ಕೊಡಿ."

ಇಲ್ಲಿ ಸ್ವಲ್ಪ ವಿವರಿಸಬೇಕು. ಘಾಟಿನಲ್ಲಿ ದಕ್ಷಿಣೆ ಎಷ್ಟೆಂದು ಪುರೋಹಿತರು ಬಾಯಿಬಿಟ್ಟು ಹೇಳುವುದಿಲ್ಲ. ಈ ಮಾತು ಹೇಳಿ ಸುಮ್ಮನೆ ನೋಡುತ್ತಾರೆ. ಕೊಡುವವನಿಗೆ, ಕಡಿಮೆಯಾಯಿತೇನೋ, ಪಿತೃಗಳು ಮುನಿಸಿಕೊಂಡಾರೇನೋ ಎಂದು ಜೀವ ಹೊಡೆದುಕೊಳ್ಳುತ್ತದೆ, ತಾನೇ ಏರಿಸುತ್ತಾ ಹೋಗುತ್ತಾನೆ. ಮಾಲೀಕರು ಹಿಂದಿನ ವಾರವಷ್ಟೇ ತಮ್ಮ ತಂದೆಯ ಶ್ರಾದ್ಧ ಮುಗಿಸಿದ್ದರು.

ಅವರ ದವಡೆ ನಿಂತಿತು. "ನೋಡಿ, ಆ ಮಾತು ಮಾತ್ರ ಬೇಡ. ಹದಿನಾರು!"

ನನಗೆ ಗಂಟಲು ಒಣಗಿ ಮಾತೇ ಹೊರಡಲಿಲ್ಲ. ಸುಮ್ಮನೆ ನೋಡಿದೆ.

"ಹಾಗೆ ನೋಡಬೇಡಿ ಮಹಾರಾಜ್! ಹದಿನೆಂಟು!"

ನೀರು ಕೇಳೋಣವೆಂದು ಕೈ ಎತ್ತಿದೆ. ಆಶೀರ್ವಾದಕ್ಕೆ ಎತ್ತಿದೆನೆಂದುಕೊಂಡು ಅವರು ಥಟ್ಟನೆ ತಲೆಬಾಗಿ ಕೈಮುಗಿದರು. "ಇಪ್ಪತ್ತು! ತೃಪ್ತಿಯಾಯಿತೇ?"

"ತೃಪ್ತಿಯಾಯಿತು" ಎಂದೆ, ಥೇಟ್ ಅಪ್ಪನ ದನಿಯಲ್ಲೇ.

ಅದೇ ತಿಂಗಳು ಅಸ್ಸಿಯ ಕೋಣೆ ಹಿಡಿದೆವು. ಚಿಲಕ ಗಟ್ಟಿಯಾಗಿದೆಯೋ ಎಂದು ಹೆಂಡತಿ ಹತ್ತು ಸಲ ಹಾಕಿ ತೆಗೆದಳು. ಆದರೆ ಮೊದಲ ಸಂಬಳದ ದಿನ ಲೆಕ್ಕ ಬರೆಯುವ ಗುಮಾಸ್ತರು ನನ್ನ ನೇಮಕದ ಪತ್ರ ಹಿಡಿದು ಕೂಗಾಡಿದರು: "ಇಪ್ಪತ್ತು ಸಾವಿರದ ಒಂದು ರೂಪಾಯಿ! ಯಾವ ಕಂಪನಿಯಲ್ಲಿದೆ ಇಂಥ ಸಂಬಳ? ಟೈಪ್ ತಪ್ಪು, ಒಂದು ರೂಪಾಯಿ ಹೊಡೆದುಹಾಕ್ತೀನಿ!"

ಒಳಗಿನಿಂದ ಮಾಲೀಕರು ಬರಿಗಾಲಲ್ಲೇ ಓಡಿ ಬಂದರು. "ಮುಟ್ಟಬೇಡ್ರೀ ಅದನ್ನ! ನಮ್ಮಪ್ಪ ಕನಸಲ್ಲಿ ಬಂದರೆ ನೀವು ಉತ್ತರ ಹೇಳ್ತೀರಾ?"