ಹೂಂಗಪ್ಪನ ಮಣ್ಣು ಪಾಸಾದದ್ದು

ಒದ್ದೆ ಹೊದಿಕೆಯ ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ಹೂಂಗಪ್ಪನ ಕೈಯಲ್ಲಿ. ಅವಳು ತಿರುಚಿದಂತೆಲ್ಲ ಅವನೂ ತನ್ನ ತುದಿಯನ್ನು ಅದೇ ಕಡೆಗೆ ತಿರುಗಲು ಬಿಡುತ್ತಿದ್ದುದರಿಂದ ಹೊದಿಕೆ ಸುಮ್ಮನೆ ಸುತ್ತುತ್ತಿತ್ತೇ ಹೊರತು ಒಂದು ಹನಿ ನೀರೂ ಇಳಿಯುತ್ತಿರಲಿಲ್ಲ.

"ರೀ, ಎದುರು ದಿಕ್ಕಿಗೆ ತಿರುಚಿ ಅಂದ್ನಲ್ಲ!"

"ಹೂಂ," ಎಂದು ಅವನು ಮತ್ತೆ ಅವಳ ದಿಕ್ಕಿಗೇ ತಿರುಗಿಸಿದ.

ಯಾರು ಏನು ಹೇಳಿದರೂ ಹೂಂ ಎನ್ನುವ ಗುಣಕ್ಕೇ ಅವನಿಗೆ ಆ ಹೆಸರು ಬಂದದ್ದು. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ನಿವೃತ್ತ ಹೆಡ್‌ಮಾಸ್ಟರರ ಮುಖ ಮೂಡಿತು.

"ಇವತ್ತು ಮಣ್ಣಿನ ಪರೀಕ್ಷೆ ಅಲ್ವೇನಯ್ಯಾ? ತಯಾರಿ ಎಲ್ಲಿಗೆ ಬಂತು?"

"ಮಣ್ಣಿಗೆಂಥ ತಯಾರಿ ಸಾರ್?"

"ತಯಾರಿ ಇಲ್ದೆ ಪರೀಕ್ಷೆಗೆ ಕೂರಿಸ್ತೀಯಾ!" ಹೆಡ್‌ಮಾಸ್ಟರರ ದನಿ ನಡುಗಿತು. ಮೂವತ್ತೆರಡು ವರ್ಷ ಅವರ ಶಾಲೆಯಲ್ಲಿ ನೂರಕ್ಕೆ ನೂರು ಫಲಿತಾಂಶ. ಅದು ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ.

ವಿಷಯ ಇಷ್ಟೇ. ಹೊಲ ಉಳದೆ, ಕೂಳೆ ಸುಡದೆ, ಗಾಳಿಯಲ್ಲಿರುವ ಇಂಗಾಲವನ್ನು ಮಣ್ಣಿನೊಳಗೆ ಕೂಡಿಸುವ ರೈತರನ್ನು ಒಂದು ಕಂಪನಿ ಹುಡುಕುತ್ತಿತ್ತು. ಹೊಗೆ ಬಿಡುವ ದೂರದ ಕಾರ್ಖಾನೆಗಳವರು ಆ ಇಂಗಾಲಕ್ಕೆ ಬೆಲೆ ಕಟ್ಟಿ ಕೊಳ್ಳುತ್ತಾರಂತೆ. ಹೂಂಗಪ್ಪನಿಗೆ ಆ ಬೆಲೆಗಿಂತ, ಸೇರಿದವರಿಗೆ ಕೊಡುವ ಯಂತ್ರದ ಮೇಲೆ ಕಣ್ಣು. ಕೂತಲ್ಲೇ ಕೂತು, ಉಳದ ನೆಲದಲ್ಲೇ ಬಿತ್ತುವ ಯಂತ್ರ ಅದು. ಅವನ ಮೊಣಕಾಲು ಸವೆದುಹೋಗಿತ್ತು. ನೇಗಿಲ ಹಿಂದೆ ಇನ್ನೊಂದು ವರ್ಷ ನಡೆದರೆ ಕಾಲು ತನ್ನ ಜವಾಬ್ದಾರಿ ಅಲ್ಲ ಎಂದು ಡಾಕ್ಟರು ಕೈತೊಳೆದುಕೊಂಡಿದ್ದರು. ಯಂತ್ರ ಬರದಿದ್ದರೆ ಹೊಲ ಗುತ್ತಿಗೆಗೆ, ಅವನು ಭಾವಮೈದುನನ ಹಾರ್ಡ್‌ವೇರ್ ಅಂಗಡಿಗೆ, ಮೊಳೆ ತೂಗಲು. ಭಾವಮೈದುನ ಈಗಾಗಲೇ ಒಂದು ಸ್ಟೂಲು ಕೊಂಡಿಟ್ಟಿದ್ದ. ಸಿಕ್ಕಾಗಲೆಲ್ಲ "ಭಾವಾ, ಸ್ಟೂಲು ಕಾಯ್ತಾ ಇದೆ" ಎಂದು ನಗುತ್ತಿದ್ದ. ಆ ನಗುವಿಗೆ ಮಾತ್ರ ಹೂಂ ಎನ್ನಲು ಹೂಂಗಪ್ಪನಿಗೂ ಕಷ್ಟವಾಗುತ್ತಿತ್ತು.

ಮಣ್ಣು ಎಲ್ಲೆಲ್ಲಿ ತೆಗೆಯಬೇಕೆಂದು ಕಂಪನಿಯವರು ಹಿಂದಿನ ವಾರವೇ ಬಂದು ಐದು ಕೆಂಪು ಬಾವುಟ ನೆಟ್ಟು ಹೋಗಿದ್ದರು.

"ಐದೂ ಪ್ರಶ್ನೆ ಮೊದಲೇ ಗೊತ್ತಾಗಿದೆ, ಇನ್ನೂ ಬಟ್ಟೆ ಹಿಂಡ್ತಾ ನಿಂತಿದಾನೆ!" ಎಂದರು ಹೆಡ್‌ಮಾಸ್ಟರರು. "ಇಂಗಾಲ ಅಂದ್ರೇನು? ಇದ್ದಿಲು. ಮೂಲೆ ಇಸ್ತ್ರಿಯವನ ಹತ್ರ ಎರಡು ಚೀಲ ತಗೊಂಡು ಬಾ."

"ಹೂಂ."

ಇದ್ದಿಲು ಕುಟ್ಟುವ ಸದ್ದಿಗೆ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಸಂಗತಿ ಕೇಳಿ ಮೂಗಿನ ಮೇಲೆ ಬೆರಳಿಟ್ಟರು.

"ಬರೀ ಮಸಿ ಹಾಕಿದ್ರೆ ಮಣ್ಣು ಚೆನ್ನಾಗಾಗುತ್ತೇನೋ ಮಗಾ? ನಮ್ಮ ಗುಂಡೀಲಿ ಮೂರು ವರ್ಷದ ಗೊಬ್ಬರ ಇದೆ, ಬೆಣ್ಣೆ ಹಾಗಿದೆ. ತುಂಬ್ಕೊಂಡು ಹೋಗು."

"ಹೂಂ."

"ಎರಡನ್ನೂ ಬೆರೆಸಬೇಕು," ಎಂದರು ಹೆಡ್‌ಮಾಸ್ಟರರು, ಗೆದ್ದವರು ತಾವೇ ಆಗಿರಲೆಂದು.

ಹೀಗೆ ಹೂಂಗಪ್ಪ ಮಧ್ಯಾಹ್ನದ ತನಕ ಬುಟ್ಟಿ ಹೊತ್ತ. ಗುಂಡಿಗೆ ಇಳಿಯುವಾಗ ಮೊಣಕಾಲು ಮಡಚಲು ಬಾರದೆ ಪೂರ್ತಿಯಾಗಿಯೇ ಇಳಿದ. ಮೇಲೆಳೆದಾಗ ಮುಖದಲ್ಲಿ ಎರಡು ಕಣ್ಣು ಬಿಟ್ಟರೆ ಬೇರೇನೂ ಗುರುತು ಸಿಗುತ್ತಿರಲಿಲ್ಲ.

"ಈಗ ನೋಡು, ಇವನಲ್ಲೇ ಎಷ್ಟು ಇಂಗಾಲ ಇದೆ," ಎಂದು ದೊಡ್ಡಮ್ಮ ಮೆಚ್ಚಿಕೊಂಡರು.

ಮೂರು ಬಾವುಟ ಮುಗಿಸಿ ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ದೊಡ್ಡಮ್ಮನ ಮೇಕೆ ಅದನ್ನು ತಿಂದು ಮುಗಿಸಿತ್ತು. ಕಡ್ಡಿಯನ್ನೂ ಬಿಟ್ಟಿರಲಿಲ್ಲ. ಅದು ಎಲ್ಲಿತ್ತೆಂದು ಮೂವರಿಗೂ ಮೂರು ನೆನಪು. ಹೂಂಗಪ್ಪ ಮೂವರಿಗೂ ಹೂಂ ಅಂದ, ತನ್ನನ್ನೂ ಸೇರಿಸಿ. ಮೂರು ಕಡೆಯೂ ಅಗೆದು ತುಂಬಿ, ಐದನೆಯದನ್ನೂ ಮುಗಿಸಿದರು. ಮೇಲೆ ಒಣ ಮಣ್ಣು ಉದುರಿಸಿ, ಹಳೆಯ ಕೂಳೆ ಹರಡಿ, ಹೆಡ್‌ಮಾಸ್ಟರರು ಹಿಂದೆ ಹಿಂದೆ ನಡೆದು ಹೆಜ್ಜೆ ಗುರುತನ್ನೂ ಅಳಿಸಿದರು. ಈ ಕೆಲಸದಲ್ಲಿ ಅವರ ಕೈ ಪಳಗಿದ ಹಾಗಿತ್ತು.

ಹೂಂಗಪ್ಪ ಮುಖ ತೊಳೆದು ನಿಲ್ಲುವಷ್ಟರಲ್ಲಿ, ಮೂರು ಗಂಟೆಗೆ, ಸ್ಕೂಟರಿನಲ್ಲಿ ಕಂಪನಿಯ ಮಣ್ಣಿನ ಮೇಡಂ ಬಂದಳು. ಚಿಕ್ಕ ವಯಸ್ಸು, ದೊಡ್ಡ ಕೊಡೆ, ಕೈಯಲ್ಲಿ ಉಕ್ಕಿನ ಕೊಳವೆ. ಮೊದಲ ಬಾವುಟದ ಬಳಿ ಕೊಳವೆ ಒತ್ತಿದಳು. ಅದು ಹಣ್ಣಿಗೆ ಚಾಕು ಹೋದಂತೆ ಹೋಯಿತು. ಬಂದ ಮಣ್ಣಿಗೆ ಅಳತೆಯ ಯಂತ್ರ ಹಿಡಿದಳು, ಅಂಕಿ ನೋಡಿದಳು, ಯಂತ್ರವನ್ನು ಕರ್ಚೀಫಿನಿಂದ ಒರೆಸಿ ಮತ್ತೆ ನೋಡಿದಳು. ನಾಲ್ಕನೆಯ ಜಾಗವನ್ನು ಅವಳ ಫೋನೇ ತೋರಿಸಿತು. ಅದು ಹೆಡ್‌ಮಾಸ್ಟರರು ಹೇಳಿದ್ದ ಜಾಗವಾಗಿತ್ತು. ಅವರು ದೊಡ್ಡಮ್ಮನ ಕಡೆ ಒಮ್ಮೆ ನೋಡಿ ಆಕಾಶ ನೋಡಿದರು.

ಐದೂ ಮುಗಿದಾಗ ಮೇಡಂ ಉಸಿರು ಬಿಟ್ಟಳು. "ಈ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ಇಂಥ ಮಣ್ಣು ನೋಡೇ ಇಲ್ಲ ಅಣ್ಣಾ."

"ಫಸ್ಟ್ ಕ್ಲಾಸಾ?" ಎಂದರು ಹೆಡ್‌ಮಾಸ್ಟರರು.

"ಅದಕ್ಕೂ ಮೇಲೆ."

ದೊಡ್ಡಮ್ಮ ಹೂಂಗಪ್ಪನ ಬೆನ್ನಿಗೆ ಗುದ್ದಿದರು. ಅವನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅವನ ಕಣ್ಣ ಮುಂದೆ ಯಂತ್ರ ಬಂದು ನಿಂತಿತು. ಅದಕ್ಕೆ ಮೆತ್ತನೆಯ ಸೀಟೂ ಇತ್ತು.

ಮೇಡಂ ಫೋನಿನಲ್ಲಿ ಅರ್ಜಿ ತೆರೆದಳು. "ಒಂದೇ ಪ್ರಶ್ನೆ ಉಳಿದಿದೆ. ಈ ನಡುವೆ ಹೊಲಕ್ಕೆ ಹೊರಗಿಂದ ಏನಾದ್ರೂ ಹಾಕಿದ್ರಾ?"

ಹೂಂಗಪ್ಪನ ಬಾಯಿ ಅಭ್ಯಾಸದಂತೆ ತೆರೆಯಿತು. ಮೇಡಂ ಬೆನ್ನ ಹಿಂದೆ ಹೆಡ್‌ಮಾಸ್ಟರರು ತಲೆಯನ್ನು ಬೀಸಣಿಗೆಯಂತೆ ಆಡಿಸುತ್ತಿದ್ದರು.

"ಊಹೂಂ," ಎಂದ ಹೂಂಗಪ್ಪ.

ಹೆಂಡತಿ ಬೆಚ್ಚಿ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಶಬ್ದ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

"ಇಲ್ಲಿ ಸಹಿ ಮಾಡಿ." ಅವನು ಬೆರಳಿನಿಂದ ಸಹಿ ಗೀಚಿದ. ಗಾಜಿನ ಮೇಲೆ ಒಂದಿಷ್ಟು ಇದ್ದಿಲು ಉಳಿಯಿತು. "ತುಂಬಾ ಬೇಜಾರು ಅಣ್ಣಾ. ನಿಮ್ಮನ್ನ ಸೇರಿಸ್ಕೊಳ್ಳೋಕೆ ಆಗಲ್ಲ."

"ಪಾಸಾಯ್ತಲ್ಲಮ್ಮಾ!" ಎಂದರು ದೊಡ್ಡಮ್ಮ.

"ಅದೇ ತೊಂದರೆ. ಇವತ್ತು ಎಷ್ಟಿದೆ ಅಂತ ಅಳೀತೀವಿ, ಐದು ವರ್ಷ ಆದ್ಮೇಲೆ ಎಷ್ಟು ಹೆಚ್ಚಾಯ್ತು ಅಂತ ಅಳೀತೀವಿ. ಹೆಚ್ಚಾದದ್ದಕ್ಕೆ ಮಾತ್ರ ಬೆಲೆ. ನಿಮ್ಮ ಮಣ್ಣಲ್ಲಿ ಇನ್ನು ಒಂದು ಚಮಚ ಇಂಗಾಲಕ್ಕೂ ಜಾಗ ಇಲ್ಲ. ನಮಗೆ ಬೇಕಾಗಿರೋದು ಬಡ ಮಣ್ಣು."

ಹೆಡ್‌ಮಾಸ್ಟರರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ದೊಡ್ಡಮ್ಮನಿಗೆ ಮೇಕೆ ನೆನಪಾಯಿತು. ಹೆಂಡತಿ ಮನೆಗೆ ನಡೆದು, ತಂತಿಯ ಮೇಲಿದ್ದ ಅವನ ಒಳ್ಳೆಯ ಅಂಗಿಯನ್ನು ಮುಟ್ಟಿ ನೋಡಿದಳು. ಸೋಮವಾರ ಅಂಗಡಿಗೆ ಹೊರಡುವ ಹೊತ್ತಿಗೆ ಒಣಗುತ್ತದೆ.

ಕೊಳವೆ ಹೊತ್ತುಕೊಂಡು ಹೂಂಗಪ್ಪ ಮೇಡಂ ಜೊತೆ ಸ್ಕೂಟರಿನ ತನಕ ಕುಂಟಿದ. ಅವಳು ಬ್ಯಾಗಿನಲ್ಲಿ ಕೈಯಾಡಿಸಿ ನಾಲಿಗೆ ಕಚ್ಚಿಕೊಂಡಳು. ಹೊರಗೆ ಬಂದದ್ದು ಒಂದು ಲಕೋಟೆ. ಮೇಲೆ ಅವನದೇ ಹೆಸರು.

"ಇದು ಎಂಟು ತಿಂಗಳ ಹಿಂದೇನೇ ನಿಮಗೆ ಬರ್ಬೇಕಿತ್ತು. ಸಹಿ ಹಾಕೋ ಸಾಹೇಬ್ರು ಬದಲಾಗ್ತಾನೇ ಇದ್ರು."

ಅವನು ಕೈ ಚಾಚಿದ.

"ಕೈಗೆ ಕೊಡೋ ಹಾಗಿಲ್ಲ ಅಣ್ಣಾ, ಅಂಚೇಲೇ ಬರ್ಬೇಕು ಅಂತ ನಿಯಮ."

"ಏನಿದೆ ಅದ್ರಲ್ಲಿ?"

"ಏನಿಲ್ಲ, ಮೊದಲ ಅಳತೇಲಿ ಇಂಗಾಲ ಕಮ್ಮಿ ಇದ್ದಷ್ಟೂ ರೈತನಿಗೇ ಒಳ್ಳೇದು, ಅದಕ್ಕೆ ಮುಂಚೆ ಹೊಲಕ್ಕೆ ಏನೂ ಹಾಕ್ಬೇಡಿ ಅಂತ. ಗೊತ್ತಿಲ್ದೆ ಹಾಕಿದ್ರೂ ಹೆದರ್ಬೇಡಿ, ಕೇಳಿದಾಗ ಹೂಂ ಅಂದ್ಬಿಡಿ, ಮುಂದಿನ ವರ್ಷ ಮತ್ತೆ ಬಂದು ಅಳೀತೀವಿ ಅಂತ."

ಹೂಂಗಪ್ಪ ಕೊಳವೆಯನ್ನು ಸ್ಕೂಟರಿಗೆ ಒರಗಿಸಿದ. "ನಾನು ಈಗ ಹೂಂ ಅಂದ್ರೆ?"

"ಸಹಿ ಆಗೋಯ್ತಲ್ಲ. ಆಫೀಸಿಗೆ ಹೋಗ್ಬಿಟ್ಟಿದೆ."

ಸ್ಕೂಟರಿನ ಪಕ್ಕದಲ್ಲೇ, ರಸ್ತೆಯ ತಿರುವಿನಲ್ಲಿ ಅಂಚೆಡಬ್ಬಿ ಇತ್ತು. ಅದರ ಬಾಯಿಯ ತಗಡು ತುಕ್ಕು ಹಿಡಿದು ಬಿಗಿಯಾಗಿತ್ತು. ಮೇಡಂ ಎರಡು ಸಲ ತಳ್ಳಿದಳು, ಆಗಲಿಲ್ಲ.

"ಒಂಚೂರು ಎತ್ತಿ ಹಿಡೀತೀರಾ ಅಣ್ಣಾ?"

"ಹೂಂ," ಎಂದ ಹೂಂಗಪ್ಪ. ಅವನು ಎರಡೂ ಕೈಯಿಂದ ತಗಡು ಎತ್ತಿ ಹಿಡಿದ. ಅವಳು ಕಾಗದ ಹಾಕಿದಳು.