ಸಮತಟ್ಟು ಗ್ಯಾರೇಜಿನ ದೆಸೆಯಿಂದ ತೀರ್ಥಹಳ್ಳಿಗೆ ತಪ್ಪಿದ ರೈಲು

ಪುಟಾಣಿ ಕಟ್ಟಡಗಳ ಕಿಟ್ ತಯಾರಿಸುವ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಬಿಡುವಾದಾಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾದರಿ ರೈಲು ಓಡಿಸುತ್ತಾ ಕಾಲ ಕಳೆಯುವ, ಅದನ್ನು ಆಟಿಕೆ ಎಂದವರ ಮೇಲೆ ಒಂದು ವಾರ ಮುನಿಸಿಕೊಳ್ಳುವ ಉಮಾಮಹೇಶ್ವರನಾದ ನಾನು ತಮಗೂ ತಮ್ಮ ಕಂಪನಿಯ ಅಂಟು, ಬಣ್ಣ, ಪೊಟ್ಟಣ ವಿಭಾಗಗಳ ಸಮಸ್ತರಿಗೂ ಭಕ್ತಿಪೂರ್ವಕ ನಮಸ್ಕಾರ ಸಲ್ಲಿಸುತ್ತೇನೆ. ತಾವು ಆರೋಗ್ಯವಾಗಿರಬೇಕೆಂದು ಮನಸಾರೆ ಹಾರೈಸುತ್ತೇನೆ, ಏಕೆಂದರೆ ಈ ಪತ್ರವನ್ನು ಕೊನೆಯವರೆಗೆ ಓದಲು ಅದು ಬೇಕಾಗುತ್ತದೆ.

ನಮ್ಮ ಸಾಗರಕ್ಕೆ ರೈಲಿದೆ, ಹೊಸನಗರಕ್ಕೂ ತೀರ್ಥಹಳ್ಳಿಗೂ ಇಲ್ಲ. ಈ ಕೊರತೆಯನ್ನು ನೀಗಿಸಲು ಬೇರೆ ಯಾರೂ ಅವಸರಪಡುತ್ತಿರುವಂತೆ ಕಾಣದ ಕಾರಣ, ಆ ಹೊಣೆಯನ್ನು ನಾನೇ ಹೊತ್ತು, ಪ್ಲೈವುಡ್ ಹಲಗೆಯ ಮೇಲೆ ಕಿಟಕಿಯ ಬಳಿ ಸಾಗರವನ್ನೂ, ಕಪಾಟಿನ ಪಕ್ಕ ಹೊಸನಗರವನ್ನೂ, ಬಾಗಿಲ ಸಂದಿಯಲ್ಲಿ ತೀರ್ಥಹಳ್ಳಿಯನ್ನೂ ಸ್ಥಾಪಿಸಿ ಹಳಿ ಹಾಕತೊಡಗಿದೆ. ಹೊಸನಗರದವರೆಗೆ ರೈಲು ಓಡಿತು. ಆದರೆ ಊರು ಬೋಳುಬೋಳಾಗಿ ಕಾಣುತ್ತಿತ್ತು, ಆದ್ದರಿಂದ ತಮ್ಮ ಬಸ್ ಗ್ಯಾರೇಜಿನ ಕಿಟ್ ತರಿಸಿದೆ. ನನ್ನ ರೈಲಿನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ತಮ್ಮ ಗ್ಯಾರೇಜನ್ನು ಹೊಗಳದಿದ್ದರೆ ನಾಲಿಗೆ ಇದ್ದೂ ವ್ಯರ್ಥ. ಗೋಡೆಯ ಒಂದೊಂದು ಇಟ್ಟಿಗೆಯೂ ಬಿಡಿಯಾಗಿ ಕಾಣುತ್ತದೆ, ಶಟರ್ ಸರಾಗವಾಗಿ ಮೇಲೇರುತ್ತದೆ, ರಿಪೇರಿ ಗುಂಡಿಗೆ ಇಳಿಯಲು ಮೆಟ್ಟಿಲುಗಳಿವೆ, ಸ್ಪ್ಯಾನರುಗಳು ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುತ್ತವೆ, ನೆಲದ ಮೇಲೆ ಒಂದು ತೊಟ್ಟು ಆಯಿಲ್ ಚೆಲ್ಲಿಲ್ಲ. ಅಂಗಳವಂತೂ ಎಷ್ಟು ಸಮತಟ್ಟೆಂದರೆ ಸಾಸಿವೆ ಕಾಳಿಟ್ಟರೂ ಇಟ್ಟಲ್ಲೇ ಕೂತಿರುತ್ತದೆ. ಅಂಥ ನೆಲವನ್ನು ನಮ್ಮ ಮೂರೂ ತಾಲ್ಲೂಕುಗಳಲ್ಲಿ ನಾನು ಕಂಡಿಲ್ಲ. ಪೊಟ್ಟಣದ ಮೇಲಿನ ಚಿತ್ರದಲ್ಲಿದ್ದ ಬಸ್ಸು ಪೊಟ್ಟಣದ ಒಳಗಿರಲಿಲ್ಲವಾದ್ದರಿಂದ, ಪೇಟೆಯಲ್ಲಿ ಒಂದು ಪುಟ್ಟ ಬಸ್ಸು ಕೊಂಡುತಂದು ಆ ಅಂಗಳದಲ್ಲಿ ನಿಲ್ಲಿಸಿದೆ.

ಕಸ ಗುಡಿಸಲು ಬಿಟ್ಟರೆ ಆ ಕೋಣೆಗೆ ಕಾಲಿಡದ ನನ್ನ ಹೆಂಡತಿ ವರದಾ, ಚಾ ಕೊಡಲು ಬಂದವಳು ಗ್ಯಾರೇಜಿನ ಮುಂದೆ ನಿಂತೇಬಿಟ್ಟಳು. ಅವಳ ಅಪ್ಪನಿಗೆ ಒಂದೇ ಒಂದು ಬಸ್ಸಿತ್ತು. ಹಣೆಯ ಮೇಲೆ ಮಗಳ ಹೆಸರು ಹೊತ್ತು ಅದು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುತ್ತಿತ್ತು. ಕೊರೋನಾದಲ್ಲಿ ಓಡದೆ ನಿಂತದ್ದು ಗುಜರಿಗೆ ಹೋಯಿತು, ಮರುವರ್ಷ ಮಾವನೂ ಹೋದರು. ಅಂದಿನಿಂದ ವರದಾ ಬಸ್ಸಿನ ಮಾತೆತ್ತಿದವಳಲ್ಲ. ಅಂಥವಳು ಬಗ್ಗಿ ನೋಡಿ, "ಎಂತ ಇದು, ಇಳಿಜಾರೇ ಇಲ್ಲೆ. ಬೆಳಿಗ್ಗೆ ಬಸ್ಸು ಹೆಂಗೆ ಸ್ಟಾರ್ಟ್ ಆಗ್ತು?" ಎಂದಳು.

ತಮ್ಮ ಅವಗಾಹನೆಗಾಗಿ ವಿವರಿಸುತ್ತೇನೆ. ಮಳೆಗಾಲದಲ್ಲಿ ಥಂಡಿ ಹಿಡಿದ ಬ್ಯಾಟರಿಯನ್ನು ನಂಬಲಾಗದ್ದರಿಂದ, ನಮ್ಮ ಕಡೆ ಹಳೇ ಬಸ್ಸನ್ನು ಇಳಿಜಾರಿನ ತಲೆಯಲ್ಲಿ ಇಳಿಕೆಗೆ ಮುಖ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದರೆ ಬಸ್ಸು ತಾನಾಗಿ ಉರುಳುತ್ತಿತ್ತು, ಗೇರಿಗೆ ಹಾಕಿದೊಡನೆ ಎಂಜಿನ್ನಿಗೆ ಜೀವ ಬರುತ್ತಿತ್ತು. ಮಾವನ ಬಸ್ಸನ್ನೇ ಓಡಿಸುತ್ತಿದ್ದ ಜಟ್ಟಿಂಗಪ್ಪ ಕನ್ನಡಕದ ಕಾಲು ಸರಿಮಾಡಿಸಲು ಅಂಗಡಿಗೆ ಬಂದಾಗ ವರದಾ ಅವನನ್ನು ಒಳಗೆ ಕರೆದಳು. "ಹೌದು ಮಾರಾಯ್ರೆ, ಸಪಾಟಲ್ಲಿ ನಿಲ್ಸಿದ್ರೆ ಊರೋರ್ನೆಲ್ಲ ಎಬ್ಸಿ ತಳ್ಳಿಸ್ಬೇಕು. ಗ್ಯಾರೇಜ್ ಒಂಚೂರು ಎತ್ತರ ಮಾಡಿ" ಎಂದು ಅವನೂ ತೀರ್ಪು ಕೊಟ್ಟ.

ಎತ್ತರ ಮಾಡಿದೆವು. ಅಲ್ಲಿಂದ ಇಳಿಯುವ ರಸ್ತೆ ತೀರ್ಥಹಳ್ಳಿಗೇ ಮುಟ್ಟಬೇಕಷ್ಟೆ, ಆದರೆ ಬಾಗಿಲ ಸಂದಿಯ ಹಲಗೆ ಕಿರಿದಾದ್ದರಿಂದ ಅಲ್ಲಿ ರಸ್ತೆ ಇರಬೇಕು, ಇಲ್ಲವೇ ಹಳಿ ಇರಬೇಕು. ಮತಕ್ಕೆ ಹಾಕಲಾಗಿ ಎರಡು ಮತ ರಸ್ತೆಗೆ ಬಿದ್ದವು, ಒಂದು ಹಳಿಗೆ. ಆ ಒಂದು ಯಾರದೆಂದು ತಾವು ಊಹಿಸಬಲ್ಲಿರಿ. ತೀರ್ಥಹಳ್ಳಿಗೆ ಮೊದಲ ರೈಲು ಬಿಡುವ ನನ್ನ ಬಹುಕಾಲದ ಆಸೆ ಮಣ್ಣುಪಾಲಾಯಿತೆಂದು ನನಗೆ ನಿಜಕ್ಕೂ ಬೇಸರವಾಯಿತು, ಆ ರಾತ್ರಿ ಊಟವೂ ರುಚಿಸಲಿಲ್ಲ.

ಇದಕ್ಕೆಲ್ಲ ತಮ್ಮ ಸಮತಟ್ಟು ನೆಲವೇ ಕಾರಣವಾದ್ದರಿಂದ, ಇನ್ನು ಮುಂದೆ ಪ್ರತಿ ಗ್ಯಾರೇಜಿನ ಜೊತೆಗೆ ಒಂದು ಇಳಿಜಾರನ್ನೂ, ನಂಬಿಕೆಗೆ ಅರ್ಹವಲ್ಲದ ಒಂದು ಬ್ಯಾಟರಿಯನ್ನೂ, ಸಾಧ್ಯವಾದರೆ ಒಂದು ಪಾವು ಜಿಟಿಜಿಟಿ ಮಳೆಯನ್ನೂ ಕಳುಹಿಸಬೇಕಾಗಿ ಪ್ರಾರ್ಥನೆ. ತಾವು ಕೊಟ್ಟಿರುವ ಪ್ಲಾಸ್ಟಿಕ್ ಮನುಷ್ಯರೆಲ್ಲ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದಾರೆ. ಬಗ್ಗಿ ಬಸ್ಸು ತಳ್ಳುವ ನಾಲ್ಕಾರು ಜನರನ್ನೂ, ಕೈ ಹಚ್ಚದೆ ದೂರ ನಿಂತು ತಳ್ಳುವುದು ಹೇಗೆಂದು ಹೇಳಿಕೊಡುವ ಒಬ್ಬರನ್ನೂ ದಯಮಾಡಿ ತಯಾರಿಸಿ.

ಕಳೆದ ಭಾನುವಾರ ವರದಾ ಬಸ್ಸಿಗೆ ಉಗುರುಬಣ್ಣ ಬಳಿದು, ಹಣೆಯ ಮೇಲೆ ತನ್ನ ಹೆಸರು ಬರೆದು, ಮನೆಯ ಅಂಗಳದಿಂದ ಹೆಕ್ಕಿ ತಂದ ಮರಳಿನ ಹರಳೊಂದನ್ನು ಗಾಲಿಗೆ ಕೊಟ್ಟಳು. ನನ್ನ ಚಿಮುಟದಿಂದ ಅವಳೇ ಆ ಹರಳನ್ನು ಎತ್ತಿದಳು. ಮೋಟಾರಿಲ್ಲದ, ತಂತಿಯಿಲ್ಲದ ಆ ಬಸ್ಸು ತಿರುವಿನಲ್ಲಿ ಒಮ್ಮೆ ಅನುಮಾನಿಸಿ, ಮತ್ತೆ ಉರುಳಿ, ಬಾಗಿಲ ಬಳಿಯ ತೀರ್ಥಹಳ್ಳಿಯಲ್ಲಿ ಹೋಗಿ ನಿಂತಿತು. ಇಷ್ಟೆಲ್ಲ ವಿದ್ಯುತ್ ಕುಡಿಯುವ ನನ್ನ ರೈಲು ಹೊಸನಗರದಲ್ಲಿ ನಿಂತು ನೋಡುತ್ತಿತ್ತು. "ಅಪ್ಪಯ್ಯನ ಬಸ್ಸು ಬಂತು" ಎಂದು ವರದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಬೇಸರ ಅಲ್ಲಿಗೆ ಮುಗಿಯಿತು. ಆದರೆ ತಮ್ಮ ಮೇಲಿನ ದೂರು ಮುಗಿದಿಲ್ಲ. ಪೊಟ್ಟಣದ ಮೇಲೆ 'ಈ ಗ್ಯಾರೇಜು ರೈಲಿನ ಅಂದ ಹೆಚ್ಚಿಸಲು' ಎಂದು ಅಚ್ಚು ಹಾಕಿದ್ದೀರಿ. ಅದನ್ನು ತಿದ್ದಿ, 'ರೈಲು ಈ ಗ್ಯಾರೇಜಿನ ಅಂದ ಹೆಚ್ಚಿಸಲು' ಎಂದು ಹಾಕಿಸಿ.

ರೈಲಿನೊಂದಿಗೆ ಹೊಸನಗರದಲ್ಲೇ ಉಳಿದುಹೋದ
ತಮ್ಮ ವಿಶ್ವಾಸಿ,
ಉಮಾಮಹೇಶ್ವರ
ಕನ್ನಡಕದ ಅಂಗಡಿ, ಸಾಗರ

ವಿ.ಸೂ.: 'ಸಮತಟ್ಟಾದ ಜಾಗದಲ್ಲಿ ಮಾತ್ರ ಜೋಡಿಸಿರಿ' ಎಂದು ಸೂಚನೆ ಬರೆದ ಮಹನೀಯರನ್ನು ಆಷಾಢದಲ್ಲೊಮ್ಮೆ ನಮ್ಮ ಕಡೆ ಕಳುಹಿಸಿಕೊಡಿ. ಸಾಗರದವರೆಗೆ ರೈಲಿದೆ. ಅಲ್ಲಿಂದ ಮುಂದಕ್ಕೆ ಬಸ್ಸು ತಳ್ಳಲು ನಮಗೂ ಒಬ್ಬರು ಬೇಕಾಗಿದ್ದಾರೆ.