ಮಾವನ ಕಾರಿಗೆ ಎರಡು ಎತ್ತು

ಒಂದಿಷ್ಟೂ ಕೆಡದ ಕಾರಿಗೆ ಎತ್ತು ಕಟ್ಟಿಸಿಕೊಂಡು ತಂಗಿಯ ಮನೆಗೆ ಬರುತ್ತಿದ್ದ ಮನುಷ್ಯ ಪ್ರಪಂಚದಲ್ಲಿ ಒಬ್ಬರೇ, ನಮ್ಮ ಸೋದರಮಾವ! ನಗಬೇಕೋ ಅಳಬೇಕೋ ನೀವೇ ನೋಡಿಕೊಳ್ಳಿ. ನಾನು ಎರಡನ್ನೂ ಮಾಡಿ ಮುಗಿಸಿದ್ದೇನೆ.

ಮಾವ ಇದ್ದದ್ದು ಕೊಳ್ಳೇಗಾಲದಲ್ಲಿ. ಆಗ ಅದು ಮದರಾಸಿಗೆ ಸೇರಿತ್ತು. ನಾವಿದ್ದ ಯಳಂದೂರು ಮಹಾರಾಜರ ಮೈಸೂರಿಗೆ ಸೇರಿತ್ತು. ನಡುವೆ ಒಂದು ಗಡಿಕಲ್ಲು. ಕಲ್ಲಿನ ಎರಡೂ ಕಡೆ ಅದೇ ಕನ್ನಡ, ಅದೇ ರಾಗಿಮುದ್ದೆ. ಕಾರು ಓಡಿಸುವ ಲೈಸೆನ್ಸು ಮಾತ್ರ ಬೇರೆ ಬೇರೆ! ಮದರಾಸಿನ ಸಾಹೇಬರು ಮಾವ ಮುಂದಕ್ಕೆ ಓಡಿಸಿದ್ದನ್ನು ನೋಡಿಯೇ ಲೈಸೆನ್ಸು ಕೊಟ್ಟಿದ್ದರು. ಮೈಸೂರಿನವರು ಕಾರನ್ನು ಹಿಂದಕ್ಕೂ ಓಡಿಸಿ ತೋರಿಸಿ ಎಂದರು. ಮಾವನಿಗೆ ಅದು ಬರುತ್ತಿರಲಿಲ್ಲ.

"ಇಂದಕ್ ಯಾಕೋಗ್ಬೇಕು ಸಾ? ನಮ್ಮೂರು ಮುಂದೈತೆ."

"ಹಾಗಾದರೆ ಲೈಸೆನ್ಸೂ ಮುಂದೆ ನೋಡೋಣ, ಹೊರಡಿ."

ಅಂದಿನಿಂದ ಮಾವ ಗಡಿಕಲ್ಲಿನ ಬಳಿ ಎಂಜಿನ್ ನಿಲ್ಲಿಸುವರು. ಅಲ್ಲಿಯ ಪರಿಚಯದ ರೈತನೊಬ್ಬ ತನ್ನ ಎತ್ತುಗಳನ್ನು ಕಾರಿಗೆ ಕಟ್ಟುವನು. ಮಾವ ಒಳಗೆ ಗಂಭೀರವಾಗಿ ಕುಳಿತು ಹಾರನ್ ಹೊಡೆಯುತ್ತ ಬರುವರು. ಒಮ್ಮೆ ಪೊಲೀಸಿನವನು ತಡೆದು ಲೈಸೆನ್ಸು ಕೇಳಿದ.

"ಎತ್ಗೋಳ್ನ ಕೇಳಿ ಸಾ, ಓಡಿಸ್ತಿರೋವು ಅವೇಯ" ಎಂದರು.

"ನಡ್ಕಂಡ್ ಬಂದಿದ್ರೂ ಇಷ್ಟೊತ್ತಿಗ್ ಉಂಡು ಕೈ ತೊಳಿಬೋದಿತ್ತಲ್ಲಣ್ಣ" ಎಂದು ಅವ್ವ ನಗುತ್ತಿದ್ದಳು. ನಕ್ಕವಳೂ ಅವಳೇ, ಕೊನೆಗೆ ಆ ಎತ್ತುಗಳಿಗಾಗಿ ಕಾದವಳೂ ಅವಳೇ.

ಒಂದು ಬೆಳಿಗ್ಗೆ ಅವ್ವನಿಗೆ ತಡೆಯಲಾರದ ಹೊಟ್ಟೆನೋವು ಬಂತು. ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ಯಬೇಕಿತ್ತು. ಉಳುಮೆಯ ಕಾಲ, ಊರಿನಲ್ಲಿ ಒಂದು ಗಾಡಿಯೂ ಸಿಗಲಿಲ್ಲ. ನಾನು ಸೈಕಲ್ಲಿನಲ್ಲಿ ಹೋಗಿ ಮಾವನನ್ನು ಕರೆದೆ. ಗಡಿಕಲ್ಲಿನ ಬಳಿ ಕಾರು ನಿಂತಿತು. ಎತ್ತುಗಳು ಉಳುಮೆಗೆ ಹೋಗಿದ್ದವು.

"ಇವತ್ತೊಂದಿನ ಹಂಗೇ ಓಡ್ಸಿ ಮಾವ" ಎಂದು ಕಾಲು ಹಿಡಿದೆ.

"ದಾರೀಲಿ ಪೋಲೀಸ್ನೋರು ಇಡ್ಕಂಡು ಕಾರು ನಿಲ್ಲಿಸ್ಕಂಬುಟ್ರೆ ಅವಳ ಗತಿ ಏನ್ಲಾ?"

ಯಾರಿದ್ದರು ಹಿಡಿಯಲು? ಆ ದಿನ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ! ಎತ್ತುಗಳು ಬಂದು, ಯಳಂದೂರು ಮುಟ್ಟಿ, ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮತ್ತೆ ಗಡಿಕಲ್ಲಿಗೆ ಬಂದಾಗ ಹೊತ್ತು ಇಳಿದಿತ್ತು. ಎಂಜಿನ್ ಶುರುವಾದಾಗ ಅವ್ವ ಇರಲಿಲ್ಲ. ಕಾನೂನು ಮಾತ್ರ ಎರಡು ಕಡೆಯೂ ಚೆನ್ನಾಗಿತ್ತು.

ಒಂದೂವರೆ ವರ್ಷ ನಾನು ಮಾವನ ಮುಖ ನೋಡಲಿಲ್ಲ. ಅರವತ್ತು ದಾಟಿದ ಮುದುಕ ದಿನವೂ ಕೊಳ್ಳೇಗಾಲದ ಬಯಲಿನಲ್ಲಿ ಕಾರನ್ನು ಹಿಂದಕ್ಕೆ ಓಡಿಸುತ್ತಾನೆಂದು ಜನ ಆಡಿಕೊಂಡರು. ತಲೆ ಕೆಟ್ಟಿರಬೇಕು, ಕೆಡಲಿ ಎಂದುಕೊಂಡೆ.

ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಎಂಜಿನ್ನಿನ ಸದ್ದು ಕೇಳಿತು. ಎತ್ತುಗಳಿರಲಿಲ್ಲ. ಮಾವ ಇಳಿಯದೆ ಮೈಸೂರಿನ ಲೈಸೆನ್ಸನ್ನು ಕಿಟಕಿಯಿಂದ ನನ್ನತ್ತ ಚಾಚಿದರು.

"ನಿಮ್ಮವ್ವುನ್ನ ಆಸ್ಪತ್ರೆಗ್ ಕರ್ಕಂಡೋಗಾಕೆ ಬಂದೆ ಕಣ್ಲಾ. ಅವಳಿಲ್ಲ ಅಂತ ಗೊತ್ತು. ಆದ್ರೂ ಒಂದ್ಸಲ ಇಂಗೆ ಬರ್ಬೇಕಾಗಿತ್ತು."

ಬೈಯಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ! ಅವ್ವ ಮಲಗಿದ್ದ ಸೀಟಿನಲ್ಲಿ ಹೋಗಿ ಕುಳಿತೆ. ಕಾರು ಹೊರಟಿತು. ಗಡಿಕಲ್ಲು ಕಾಣುತ್ತಲೇ ಹಳೆಯ ರೂಢಿಯಂತೆ ಮಾವನ ಕಾಲು ಬ್ರೇಕಿನ ಮೇಲೆ ಹೋಯಿತು.

ಹಿಂದಿನಿಂದ ಅವರ ಭುಜ ಹಿಡಿದುಕೊಂಡೆ.

"ನಿಲ್ಲಿಸ್ಬ್ಯಾಡಿ ಮಾವ" ಎಂದೆ.